ತಲೆಯ ಮೇಲೆ ಕುರ್ಚಿ ಹೊತ್ತ ನೀಲಮ್ಮ

ನಮ್ಮ ಯಜಮಾನರ ಸೋದರತ್ತೆ ದೇವರಿಗೆ ಹೆದರುವವರಲ್ಲ. ದೇವರೇ ಅವರಿಗೆ ಹೆದರುವುದು. ಉತ್ಪ್ರೇಕ್ಷೆ ಎನ್ನುವವರು ಒಂದು ದಿನ ಬೆಳಿಗ್ಗೆ ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಮನೆಗೆ ಬಂದು ಅವರು ಪೂಜೆ ಮಾಡುವುದನ್ನು ನೋಡಬೇಕು.

ನಮ್ಮಲ್ಲಿ ದೇವರಮನೆ ಎಂದು ಬೇರೆ ಇಲ್ಲ. ಅಡುಗೆಮನೆಯಲ್ಲಿ ಬಾಯ್ಲರಿನ ಪಕ್ಕದ ಕಪಾಟಿನಲ್ಲೇ ದೇವರುಗಳು ಇದ್ದಾರೆ. ಈ ದೇಶದ ಚಳಿಯಲ್ಲಿ ಅದೇ ಮನೆಯ ಬೆಚ್ಚಗಿನ ಜಾಗ, ಅಷ್ಟು ಪುಣ್ಯ ಅವರದ್ದು. ಅತ್ತೆ ಸ್ನಾನ ಮುಗಿಸಿ ಬಂದು ಸಿಂಕಿನಲ್ಲಿ ಬೆರಳು, ಮಣಿಕಟ್ಟು, ಮೊಣಕೈವರೆಗೂ ಸೋಪು ಹಾಕಿ ಉಜ್ಜುತ್ತಾರೆ. ಆಮೇಲೆ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಕಪಾಟಿನ ಬಾಗಿಲನ್ನು ಮೊಣಕೈಯಿಂದಲೇ ತೆರೆಯುತ್ತಾರೆ. ಸೀರೆಯ ಮೇಲಿನ ಕಾರ್ಡಿಗನ್ನಿಗೆ ತಲೆಕೆಳಗಾದ ಗಡಿಯಾರವೊಂದನ್ನು ಪಿನ್ನು ಹಾಕಿ ಸಿಕ್ಕಿಸಿರುತ್ತಾರೆ. ಅದನ್ನು ಒಮ್ಮೆ ನೋಡಿಕೊಂಡು ರೌಂಡ್ಸ್ ಶುರು.

"ಹ್ವಾಯ್ ಗಣಪತಿ, ರಾತ್ರಿ ನಿದ್ರಿ ಬಂತಾ? ಹೊಟ್ಟಿ ಉಬ್ಬರ ಹ್ಯಾಂಗಿತ್ತ್?"

ಬಾಡಿದ ಹೂ ತೆಗೆಯುವುದಕ್ಕೆ ಅವರು ನಿರ್ಮಾಲ್ಯ ಎನ್ನುವುದಿಲ್ಲ, ಡ್ರೆಸಿಂಗ್ ಬದಲಿಸುವುದು ಎನ್ನುತ್ತಾರೆ. ಏಕಾದಶಿ ಬಂದರೆ ಕಪಾಟಿನ ಕಡೆ ತಿರುಗಿ, "ಇವತ್ತ್ ಯಾರಿಗೂ ಬಾಯಿಗ್ ಎಂತದೂ ಇಲ್ಲ" ಎಂದು ಒಟ್ಟಾಗಿ ಘೋಷಿಸುತ್ತಾರೆ. ನಾನು ಬಾಲಕೃಷ್ಣನ ಮುಂದೆ ಬೆಣ್ಣೆಯ ಬಟ್ಟಲು ಇಟ್ಟರೆ ಅದರಲ್ಲಿ ಮುಕ್ಕಾಲು ಪಾಲು ವಾಪಸು ಫ್ರಿಜ್ಜಿಗೆ. "ಅಂಬೆಗಾಲ್ ಇಕ್ಕು ಮಗಿಗೆ ಇಷ್ಟ್ ಬೆಣ್ಣಿಯಾ? ಬೆರಳ್ ತುದಿಯಷ್ಟ್ ಸಾಕ್ ಮಾರಾಯ್ತಿ."

ಮೈಸೂರಿನ ಕಡೆಯವಳಾದ ನಾನು ಶ್ಲೋಕ ಹೇಳಿಕೊಂಡು, ತಪ್ಪಿದರೆ ಕೆನ್ನೆ ಬಡಿದುಕೊಂಡು ಬೆಳೆದವಳು. ಮೊದಲ ಒಂದೆರಡು ತಿಂಗಳು ಅತ್ತೆಯ ಪಾಲಿಗೂ ನಾನೇ ಕೆನ್ನೆ ಬಡಿದುಕೊಂಡೆ. ಆಮೇಲೆ ಅಭ್ಯಾಸವಾಯಿತು. ಆದರೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದವರಿಗೆ ಅಭ್ಯಾಸವಾಗಿರಲಿಲ್ಲ. ಮಂಗಳಾರತಿಯಾಗಿ ಜನ ಪ್ರಸಾದದ ತಟ್ಟೆ ಹಿಡಿದು ಹರಟೆಗೆ ಕೂತಿದ್ದರು. ಅತ್ತೆ ಎದೆಯ ಗಡಿಯಾರ ನೋಡಿ, "ವಿಸಿಟಿಂಗ್ ಅವರ್ ಮುಗೀತ್" ಎಂದು ಕೋಣೆಯ ದೀಪ ಆರಿಸಿಬಿಟ್ಟರು.

ಅವರು ಎಳೆಯ ವಯಸ್ಸಿನಲ್ಲೇ ಕುಂದಾಪುರದ ಕಡೆಯಿಂದ ಈ ದೇಶಕ್ಕೆ ನರ್ಸಾಗಿ ಬಂದವರು. ಮದುವೆಯ ಗೋಜಿಗೆ ಹೋಗಲಿಲ್ಲ. ವಾರ್ಡ್ ನೋಡಿಕೊಳ್ಳುವ ಸಿಸ್ಟರ್ ಆಗಿ ನಿವೃತ್ತರಾದರು. ಹೇಸ್‌ನಲ್ಲಿ ಸಾಲುಮನೆಯೊಂದನ್ನು ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಮಂಡಿ ಕೈಕೊಟ್ಟ ಮೇಲೆ ನಮ್ಮ ಮನೆಯ ಸಣ್ಣ ಕೋಣೆಗೆ ಬಂದರು. ಯಾವ ವಾರ್ಡಿನಲ್ಲಿ ಇದ್ದಿರಿ ಎಂದು ನಾನೊಮ್ಮೆ ಕೇಳಿದ್ದೆ. "ಸಣ್ಣವರದ್ದ್" ಎಂದರು. ಮಕ್ಕಳ ವಾರ್ಡು ಎಂದುಕೊಂಡೆ. ಅದರ ಮೇಲೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿವೃತ್ತರಾದ ಮೇಲೆ ಅವರ ಕೈಗೆ ಪೇಷಂಟುಗಳು ಸಿಗಲಿಲ್ಲ, ಸಿಕ್ಕಿದ್ದು ನನ್ನ ದೇವರುಗಳು. ಅಷ್ಟೇ ವಿಷಯ.

ಇನ್ನು ನನ್ನ ವಿಷಯ. ನನ್ನ ಮಗಳು ಸ್ಟ್ಯಾನ್ಮೋರಿನಲ್ಲಿ ಗಂಡನೊಡನೆ ಇದ್ದಾಳೆ. ಎರಡು ಸಲ ಬಸಿರು ನಿಂತು, ನಿಲ್ಲದೆ ಹೋಗಿತ್ತು. ಆ ವರ್ಷ ಮೂರನೆಯ ಸಲ ನಿಂತಿತ್ತು. ನನಗೆ ಬೇರೇನೂ ಬೇಕಿರಲಿಲ್ಲ. ಆ ಕೂಸು ಉಸಿರಾಡುತ್ತಾ ನಮ್ಮ ಕೈಗೆ ಬಂದರೆ ಸಾಕು. ಚಾಮುಂಡಿಗೆ ಸೀರೆ ಹೊತ್ತೆ, ನಂಜುಂಡನಿಗೆ ರುದ್ರಾಭಿಷೇಕ ಹೊತ್ತೆ. ಊರಿನಿಂದ ಬರುವವರ ಕೈಯಲ್ಲೆಲ್ಲ ಒಂದೊಂದು ಗುಡಿಯ ದಾರ ತರಿಸಿ ಮಗಳ ಕೈಗೆ ಕಟ್ಟಿದೆ. ಕೊನೆಗೊಂದು ದಿನ ಅವಳು ಫೋನ್ ಮಾಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹೆಚ್ಚಾಗಿ ಇಂಗ್ಲಿಷು.

"ಅಮ್ಮಾ, ಪ್ಲೀಸ್, ನೋ ಮೋರ್ ದಾರ. ಮಿಡ್‌ವೈಫ್ ಥಾಟ್ ಇಟ್ ವಾಸ್ ಎ ಬ್ಯಾಂಡೇಜ್."

"ಒಂದೇ ಒಂದು ಬಾಕಿ ಇದೆ ಪುಟ್ಟಿ. ಶೃಂಗೇರಿದು."

"ನೋ. ಯೂ ಆಂಡ್ ಅಜ್ಜಿ, ಗೋ ಔಟ್. ಎಲ್ಲಾದ್ರೂ. ಮ್ಯೂಸಿಯಮ್‌ಗೆ ಹೋಗಿ. ಇಟ್ಸ್ ಫ್ರೀ."

ಫ್ರೀ ಎಂದ ಮೇಲೆ ಹೋಗದಿರುವುದು ಹೇಗೆ? ಒಂದು ಶುಕ್ರವಾರ ಪೂಜೆ ಮುಗಿಸಿ, ಅತ್ತೆಯ ಮಂಡಿಗೆ ಪಟ್ಟಿ ಸುತ್ತಿ, ಟ್ಯೂಬು ರೈಲು ಹಿಡಿದು ಊರ ನಡುವಿನ ದೊಡ್ಡ ಮ್ಯೂಸಿಯಮ್ಮಿಗೆ ಹೋದೆವು.

ಜನ ಮ್ಯೂಸಿಯಂ ನೋಡಲು ಹೋಗುತ್ತಾರೆ. ಅತ್ತೆ ಇನ್‌ಸ್ಪೆಕ್ಷನ್ನಿಗೆ ಹೋದರು. ಮೂಗಿಲ್ಲದ, ಕೈಯಿಲ್ಲದ, ಒಂಟಿ ಕಾಲಿನ ಕಲ್ಲಿನ ವಿಗ್ರಹಗಳ ಸಾಲಿನ ನಡುವೆ ನಿಂತು ಸುತ್ತಲೂ ನೋಡಿ, "ಇದ್ ಆರ್ಥೋ ವಾರ್ಡ್" ಎಂದರು. ಮುಂದಿನ ಕೋಣೆಯಲ್ಲಿ ಈಜಿಪ್ಟಿನ ಹೆಣಗಳು, ಮೈತುಂಬ ಬಟ್ಟೆಯ ಪಟ್ಟಿ ಸುತ್ತಿಕೊಂಡು ಮಲಗಿದ್ದವು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅತ್ತೆ ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರು.

"ಕಾಣ್ ಹೆಣೆ, ಬ್ಯಾಂಡೇಜ್ ಎಷ್ಟ್ ಚೆಂದ ಕಟ್ಟಿದ್ರ್. ಒಂದ್ ಸುಕ್ಕಿಲ್ಲ."

"ಸತ್ತವರಿಗೆ ಕಟ್ಟಿದ್ದು ಅತ್ತೆ."

"ಸತ್ರೆ ಎಂತಾಯ್ತ್? ಕೆಲ್ಸ ಕೆಲ್ಸವೇ."

ಆ ಹೆಣಗಳ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಅವಳಿದ್ದಳು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡವಳು. ಸುಟ್ಟ ಮಣ್ಣಿನಂಥ ಯಾವುದರಿಂದಲೋ ಮಾಡಿ ಮೇಲೆ ಹೊಳಪು ಕೊಟ್ಟ ಗೊಂಬೆ. ಬಣ್ಣ ಮಿಂಚುಳ್ಳಿಯ ನೀಲಿ. ಮೈ ಒಂದು ತುಂಡು, ಎಡಬಲಕ್ಕೆ ಚಾಚಿದ ರೆಕ್ಕೆಗಳು ಬೇರೆ ಎರಡು ತುಂಡು. ರೆಕ್ಕೆಯ ಒಂದೊಂದು ಗರಿಗೂ ಗೆರೆ ಕೊರೆದಿದ್ದರು, ಅಂಚಿನುದ್ದಕ್ಕೂ ದಾರ ಪೋಣಿಸಲು ಸಣ್ಣ ಸಣ್ಣ ತೂತುಗಳು. ನಾನು ಬಗ್ಗಿ ಚೀಟಿ ಓದಿದೆ. ಈಕೆ ಆ ಕಾಲದ ದೇವಿ. ಸತ್ತವರ ಎದೆಯ ಮೇಲಿನ ಬಟ್ಟೆಗೆ ಇವಳನ್ನು ಹೊಲಿಯುತ್ತಿದ್ದರಂತೆ, ರೆಕ್ಕೆ ಹರಡಿ ಕಾಯಲಿ ಎಂದು.

"ತಲಿ ಮೇಲ್ ಎಂತದದ್, ಚೌಕ ಚೌಕ?" ಎಂದರು ಅತ್ತೆ.

"ಸಿಂಹಾಸನವಂತೆ ಅತ್ತೆ. ಕುರ್ಚಿ."

"ಕುರ್ಚಿಯಾ?" ಅತ್ತೆ ಗಾಜಿಗೆ ಮುಖ ಹತ್ತಿರ ತಂದರು. "ಹಂಗಾರೆ ಇವ್ಳ್ ನರ್ಸೇ."

"ಅದು ಹೇಗೆ?"

"ಕುರ್ಚಿ ಇತ್ತ್, ಕೂಕಂಬುಕೆ ಪುರ್ಸೊತ್ತಿಲ್ಲ. ತಲಿ ಮೇಲ್ ಇಟ್ಕಂಡ್ ತಿರಗ್ತಿದ್ಲ್."

ಪಕ್ಕದಲ್ಲಿದ್ದ ಪ್ರವಾಸಿಗರು ತಿರುಗಿ ನೋಡುವಷ್ಟು ನಕ್ಕೆ. ಅತ್ತೆ ನಗಲಿಲ್ಲ. ಬಲಗೈಯ ಅಂಗೈಯನ್ನು ಅಗಲವಾಗಿ ಬಿಡಿಸಿ, ಸದ್ದಿಲ್ಲದೆ ಗಾಜಿನ ಮೇಲೆ ಇಟ್ಟರು. ಬೆಕ್ಕಿನ ಮರಿಯ ಮೇಲೆ ಕೈ ಇಡುವ ಹಾಗೆ.

"ನೀಲಮ್ಮ, ಹ್ಯಾಂಗಿದ್ದೆ ಮಗಾ?"

"ಅವಳ ಹೆಸರು ಬೇರೆ ಅತ್ತೆ, ಚೀಟಿಯಲ್ಲಿದೆ."

"ಅದ್ ಚಾರ್ಟಿನ ಹೆಸ್ರ್. ಕರೂಕೆ ಒಂದ್ ಹೆಸ್ರ್ ಬ್ಯಾಡ್ದಾ?" ಎಂದು ನನಗೆ ಹೇಳಿ, ಗಾಜಿನತ್ತ ತಿರುಗಿ, "ಬಪ್ಪ ಶುಕ್ರವಾರ ಬತ್ತೆ ಆಯ್ತಾ" ಎಂದುಬಿಟ್ಟರು.

ಮನುಷ್ಯರಿಗೆ ಬರುತ್ತೇನೆ ಎಂದು ಹೇಳಿ ಹೋಗದಿದ್ದರೆ ನಡೆಯುತ್ತದೆ, ಲಂಡನ್ನಿನಲ್ಲಿ ಎಲ್ಲರೂ ಎಲ್ಲರಿಗೂ ಹಾಗೇ ಹೇಳುವುದು. ದೇವರಿಗೆ ಬರುತ್ತೇನೆ ಎಂದರೆ ಅದು ಹರಕೆ! ಅದೂ ಎಂಥ ದೇವರು? ಕುಲ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ, ಹೆಣದ ಎದೆಯ ಮೇಲೆ ಕೂತು ಬಂದವಳು.

"ಎಷ್ಟು ಶುಕ್ರವಾರ ಅತ್ತೆ?" ಎಂದೆ ಅಳುಕಿನಿಂದ.

"ಹುಡ್ಗಿ ಹೆರಿಗೆ ಆಪಲ್ಲಿವರಿಗೆ."

ಮಗಳ ಮಾತು ಬಂದ ಮೇಲೆ ನಾನೂ ಗಾಜಿಗೆ ಕೈ ಮುಗಿದೆ. ನಾನೇ ಅಷ್ಟೊಂದು ಬಾಗಿಲು ಬಡಿದಿದ್ದೇನೆ, ಇದೂ ಒಂದು ಬಾಗಿಲು ಇರಲಿ ಎಂದುಕೊಂಡೆ.

ಆದರೆ ಮೈಲಿಗೆ? ಮನೆಗೆ ಬಂದವಳೇ ನಮ್ಮ ಭಟ್ಟರಿಗೆ ಫೋನು ಹಚ್ಚಿದೆ. ಉಡುಪಿಯ ಕಡೆಯವರು, ಸಮಾಧಾನಿ.

"ಭಟ್ಟರೇ, ಹೆಣದ ಮೇಲಿದ್ದ ದೇವಿಯನ್ನ ನೋಡಿ ಬಂದಿದ್ದೀವಿ. ಪಕ್ಕದಲ್ಲೇ ಹೆಣಗಳೂ ಇದ್ವು. ತಲೆಗೆ ಸ್ನಾನ ಆಗ್ಬೇಕಾ?"

"ಅಯ್ಯೋ ದೇವರೇ. ಯಾರು ಹೋದದ್ದು ಅಮ್ಮಾ? ನಮ್ಮವರೇ?"

"ಅಲ್ಲ, ಈಜಿಪ್ಟಿನವರು."

"ಯಾವಾಗ ಹೋದದ್ದಂತೆ?"

"ಮೂರು ಸಾವಿರ ವರ್ಷ ಆಯ್ತಂತೆ."

"ಸೂತಕ ಹತ್ತು ದಿನಕ್ಕೆ ಕಳೀತದೆ ಅಮ್ಮಾ" ಎಂದರು ಭಟ್ಟರು. "ಆದರೂ ನಿಮಗೆ ಸಮಾಧಾನ ಆಗುದಾದ್ರೆ ಸ್ನಾನ ಮಾಡಿ. ಟ್ಯೂಬಲ್ಲಿ ಬಂದವರು ಹೇಗೂ ಮಾಡ್ಬೇಕು."

ಹೀಗೆ ಶುರುವಾದವು ನಮ್ಮ ಶುಕ್ರವಾರಗಳು. ಬೆಳಿಗ್ಗೆ ಕಪಾಟಿನ ವಾರ್ಡು ಮುಗಿಸಿ, ಅತ್ತೆ ಒಂದು ಸಣ್ಣ ಡಬ್ಬಿಯಲ್ಲಿ ಪಂಚಕಜ್ಜಾಯವನ್ನೋ ಹೆಸರುಬೇಳೆ ಪಾಯಸವನ್ನೋ ತುಂಬಿಸಿಕೊಳ್ಳುತ್ತಿದ್ದರು. ಮ್ಯೂಸಿಯಮ್ಮಿನ ಬಾಗಿಲಲ್ಲಿ ಚೀಲ ತೆರೆದು ತೋರಿಸಬೇಕಲ್ಲ, ಅಲ್ಲೊಬ್ಬ ಆಜಾನುಬಾಹು ಕಾವಲುಗಾರ. ಅವನಿಗೂ ಅತ್ತೆಗೂ ಇಂಗ್ಲಿಷಿನಲ್ಲಿ ನಡೆದ ಮಾತು ಇದು.

"ಡಬ್ಬಿಯಲ್ಲಿ ಏನಿದೆ ಮೇಡಂ?"

"ತಿಂಡಿ."

"ಒಳಗೆ ತಿನ್ನುವ ಹಾಗಿಲ್ಲ."

"ನನಗಲ್ಲ. ಒಳಗೆ ಒಬ್ಬಳು ಇದ್ದಾಳೆ, ಅವಳಿಗೆ."

"ಯಾರು, ಸಿಬ್ಬಂದಿಯೇ?"

"ಹೌದು," ಎಂದರು ಅತ್ತೆ. "ಬಹಳ ಸೀನಿಯರ್."

ಅಷ್ಟು ಹೇಳಿ ಅವನ ಕಾಲು ನೋಡಿದರು. ಬೂಟಿನ ಮೇಲೆ ಪಾದದ ಗಿಣ್ಣು ಊದಿಕೊಂಡಿತ್ತು. ಅಲ್ಲೇ ಬಗ್ಗಿ, ಹೆಬ್ಬೆರಳಿನಿಂದ ಒತ್ತಿ, ಒತ್ತಿದ ಗುಳಿ ತುಂಬುವವರೆಗೆ ಎದೆಯ ಗಡಿಯಾರ ನೋಡುತ್ತ ನಿಂತರು. ಹಿಂದೆ ಚೀಲ ಹಿಡಿದ ಜನರ ಸಾಲು ಬೀದಿಯವರೆಗೆ ಬೆಳೆಯಿತು. ಸೋಮವಾರವೇ ಜಿಪಿ ಡಾಕ್ಟರ ಹತ್ತಿರ ಹೋಗು, ಉಪ್ಪು ಬಿಡು ಎಂದು ಆಜ್ಞೆಯಾಯಿತು. ಮುಂದಿನ ಶುಕ್ರವಾರ ಅವನು ನಮ್ಮ ಚೀಲ ತೆರೆಸಲಿಲ್ಲ, ಪ್ಯಾಂಟು ಎತ್ತಿ ಗಿಣ್ಣು ತೋರಿಸಿದ. ಅಂದಿನಿಂದ ಅತ್ತೆ ಅವನ ಬಾಯಲ್ಲಿ 'ಸಿಸ್ಟರ್'.

ಡಬ್ಬಿಯನ್ನು ಅವರು ಒಳಗೆ ತೆರೆಯುತ್ತಿರಲಿಲ್ಲ. ನಿಯಮ ಎಂದರೆ ನಿಯಮ. ಚೀಲದಲ್ಲಿಟ್ಟುಕೊಂಡೇ ಗಾಜಿನ ಮೇಲೆ ಅಂಗೈ ಇಟ್ಟು, "ಇವತ್ತ್ ಪಾಯ್ಸ. ಒಳ್ಗ್ ಕೊಡುಕೆ ಬಿಡುದಿಲ್ಲ, ಪೈಪಲ್ಲ್ ಕೊಟ್ಟಿದ್ ಅಂದ್ಕೋ ಮಗಾ" ಎಂದು ಹೇಳುತ್ತಿದ್ದರು. ಆಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ಅದನ್ನು ಪ್ರಸಾದವೆಂದು ತಿನ್ನುತ್ತಿದ್ದೆವು. ಪಾರಿವಾಳಗಳಿಗೂ ಒಂದಿಷ್ಟು. ನಾನು ಮಗಳಿಗೆ ಫೋನು ಮಾಡಿ, "ಮಗು ಒದೀತಾ?" ಎಂದು ಕೇಳುತ್ತಿದ್ದೆ. "ಯೆಸ್ ಅಮ್ಮಾ, ಲೈಕ್ ಎ ಫುಟ್‌ಬಾಲರ್" ಎಂದರೆ ಆ ವಾರದ ಉಸಿರು ನನಗೆ ಸಿಕ್ಕಿದ ಹಾಗೆ.

ಒಂದು ಸಲ ಶಾಲೆಯ ಮಕ್ಕಳ ದಂಡೊಂದು ನುಗ್ಗಿತು. ಮಕ್ಕಳಲ್ಲವೇ, ನೀಲಮ್ಮನ ಗಾಜನ್ನು ಬೆರಳಿನಿಂದ ಟಕಟಕ ಬಡಿದವು. ಅತ್ತೆಯ ಮುಖ ಕೆಂಡವಾಯಿತು. ಆದರೆ ಅವರು ಕೂಗಲಿಲ್ಲ, ಪಿಸುಗುಟ್ಟಿದರು. ಅದು ಕೂಗಿಗಿಂತ ಭಯಂಕರ.

"ಗಾಜು ಬಡಿಯಬಾರದು. ಹೊರಗೆ ನಿಮಗೆ ಟಕ್ ಎಂದು ಕೇಳುತ್ತದೆ, ಒಳಗಿದ್ದವರಿಗೆ ಅದು ಗುಡುಗು."

ಮಕ್ಕಳೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡವು. ಒಬ್ಬಳು ಪುಟ್ಟ ಹುಡುಗಿ, "ಅವಳು ಮಲಗಿದ್ದಾಳಾ?" ಎಂದು ಪಿಸುಗುಟ್ಟಿಯೇ ಕೇಳಿದಳು. "ಈಗಷ್ಟೇ ಕಣ್ಣು ಮುಚ್ಚಿದ್ದಾಳೆ" ಎಂದರು ಅತ್ತೆ. ಇಡೀ ದಂಡು ತುದಿಗಾಲಿನಲ್ಲಿ ಹೊರಗೆ ಹೋಯಿತು. ಟೀಚರಮ್ಮನೂ ತುದಿಗಾಲಿನಲ್ಲೇ.

ಕುಂಕುಮದ ಪ್ರಕರಣ ಮಾತ್ರ ಸ್ವಲ್ಪ ದೊಡ್ಡದಾಯಿತು. ಶ್ರಾವಣ ಶುಕ್ರವಾರ, ಹೆಣ್ಣುದೇವರ ಹಣೆ ಬೋಳಾಗಿರುವುದು ನನ್ನಿಂದಲೇ ನೋಡಲಾಗಲಿಲ್ಲ. ಆ ಮಾತು ಬಾಯಿಗೆ ಬಂದದ್ದೇ ತಡ, ಅತ್ತೆ ನನ್ನ ಚೀಲದಲ್ಲಿದ್ದ ಕುಂಕುಮದ ಭರಣಿಗೆ ಬೆರಳದ್ದಿ, ಒಂದು ಕಣ್ಣು ಮುಚ್ಚಿ ಗುರಿ ನೋಡಿ, ಹೊರಗಡೆಯ ಗಾಜಿಗೇ ಒಂದು ಬೊಟ್ಟು ಇಟ್ಟರು. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಬೊಟ್ಟು ನೇರ ನೀಲಮ್ಮನ ಹಣೆಯ ಮೇಲೆ. ಒಂದು ಹೆಜ್ಜೆ ಆಚೆಗಾದರೆ ಕೆನ್ನೆಯ ಮೇಲೆ. ನಾವು ಪಕ್ಕದ ಕೋಣೆ ನೋಡಿಕೊಂಡು ಬರುವಷ್ಟರಲ್ಲಿ ಅಲ್ಲಿ ಸಾಲು ನಿಂತಿತ್ತು. ಪ್ರವಾಸಿಗರು ಒಬ್ಬೊಬ್ಬರಾಗಿ ಆ ಜಾಗಕ್ಕೆ ಬಂದು, ಬಗ್ಗಿ, ಒಂದು ಕಣ್ಣು ಮುಚ್ಚಿ ಫೋಟೋ ತೆಗೆಯುತ್ತಿದ್ದರು. ಬೊಟ್ಟೂ ಪ್ರದರ್ಶನದ ಭಾಗ ಎಂದುಕೊಂಡಿದ್ದರು ಪಾಪ. ಹೊರಡುವಾಗ ಒಬ್ಬರು ಕೈ ಮುಗಿದರು ಕೂಡ.

ಅಲ್ಲಿಗೆ ಕೋಟು ಹಾಕಿದ ಹೆಂಗಸೊಬ್ಬರು ಬಂದರು. ಬಹಳ ನಯವಾಗಿ, ಇದು ನೀವಾ ಎಂದು ಕೇಳಿದರು. ಇಂಗ್ಲಿಷರ ನಯ ನಿಮಗೆ ಗೊತ್ತಲ್ಲ, ಅದು ಹೆಚ್ಚಾದಷ್ಟೂ ನಾವು ಹೆದರಬೇಕು. ಇನ್ನೊಮ್ಮೆ ಹೀಗಾದರೆ ನಿಮ್ಮನ್ನು ಒಳಗೆ ಬಿಡುವುದು ಕಷ್ಟವಾಗಬಹುದು ಎಂದರು. ಹರಕೆ ನಡುವೆ ನಿಂತರೆ? ಮಗಳಿಗೆ ಇನ್ನೂ ತಿಂಗಳುಗಳಿದ್ದವು. ಅತ್ತೆ ಚೀಲದಿಂದ ಒದ್ದೆ ಟಿಶ್ಯೂ ತೆಗೆದು ತಾವೇ ಗಾಜು ಒರೆಸಿದರು. ಮೂಲೆಯಲ್ಲಿದ್ದ ಬೇರೆ ಯಾರದೋ ಬೆರಳ ಗುರುತುಗಳನ್ನೂ ಒರೆಸಿದರು. ಆಮೇಲೆ ಆ ಹೆಂಗಸಿಗೆ, "ನೀವು ಹೇಳಿದ್ದು ಸರಿ, ಸೋಂಕು ಹೀಗೇ ಹರಡೋದು. ಆದರೆ ನಿಮ್ಮ ಕ್ಲೀನಿಂಗ್ ಸಾಲದು" ಎಂದರು. ಕೊನೆಗೆ ಆಕೆಯೇ ಸಾರಿ ಹೇಳಿದರು.

ಮನೆಯಲ್ಲಿ ಇದನ್ನು ಕೇಳಿ ನಮ್ಮ ಯಜಮಾನರು, "ಅತ್ತೆಯನ್ನ ಮ್ಯೂಸಿಯಂನವ್ರೇ ಇಟ್ಕೊಳ್ಳಲಿ, ಗಾಜಿನ ಪೆಟ್ಟಿಗೆ ನಾನೇ ಕೊಡಿಸ್ತೆ" ಎಂದರು.

"ನೀನ್ ಹುಟ್ಟಿದ್ ದಿನ ಎತ್ಕಂಡದ್ ನಾನೇ," ಎಂದರು ಅತ್ತೆ, ತಟ್ಟೆಯಿಂದ ತಲೆಯೆತ್ತದೆ. "ಆಗ್ಳಿಕೂ ಬಾಯಿ ಮಾತ್ರ ದೊಡ್ಡದಿತ್ತ್."

ದೀಪಾವಳಿ ಕಳೆಯಿತು. ಮಗಳ ದಿನ ತುಂಬಲು ಇನ್ನೂ ಎರಡು ತಿಂಗಳ ಮೇಲಿತ್ತು. ಆ ಶುಕ್ರವಾರ ನಾವು ಹೋದಾಗ ಗಾಜಿನ ಪೆಟ್ಟಿಗೆಯಲ್ಲಿ ನೀಲಮ್ಮ ಇರಲಿಲ್ಲ.

ಅವಳಿದ್ದ ಜಾಗದಲ್ಲಿ ಕೆಳಗೆ ಹಾಸಿದ ಬಟ್ಟೆಯ ಬಣ್ಣ ಸ್ವಲ್ಪ ಗಾಢವಾಗಿತ್ತು, ಎರಡು ರೆಕ್ಕೆಯ ಆಕಾರದಲ್ಲಿ. ತಾತ್ಕಾಲಿಕವಾಗಿ ತೆಗೆಯಲಾಗಿದೆ ಎಂಬ ಸಣ್ಣ ಕಾರ್ಡು. ಅತ್ತೆ ಕಾವಲುಗಾರನನ್ನು ಹುಡುಕಿಕೊಂಡು ಹೋದರು.

"ಅವಳನ್ನು ಡಿಸ್ಚಾರ್ಜ್ ಮಾಡಿದ್ದು ಯಾರು?"

"ನನಗೆ ಗೊತ್ತಿಲ್ಲ ಸಿಸ್ಟರ್. ಏನೋ ರಿಪೇರಿ ಇರಬೇಕು."

"ನನ್ನನ್ನು ಕೇಳದೆ?"

ಅವರು ಹೀಗೆ ವಾದ ಮಾಡುತ್ತಿರುವಾಗಲೇ ನನ್ನ ಫೋನು ಅದುರಿತು. ಅಳಿಯ. ಮಗಳಿಗೆ ಬೆಳಿಗ್ಗೆ ನೋವು ಬಂದು ಆಸ್ಪತ್ರೆಗೆ ಒಯ್ದರಂತೆ, ತಡೆಯಲಾಗಲಿಲ್ಲವಂತೆ. ಹೆಣ್ಣುಮಗು. ಉಸಿರಿದೆ, ಆದರೆ ತುಂಬ ಚಿಕ್ಕದು, ಏನೂ ಹೇಳುವ ಹಾಗಿಲ್ಲವಂತೆ. ಮಗಳು ಚೆನ್ನಾಗಿದ್ದಾಳೆ. ಆ ಕೊನೆಯ ಮಾತನ್ನು ನಾನು ಎರಡು ಸಲ ಹೇಳಿಸಿಕೊಂಡೆ.

ಫೋನು ಇಟ್ಟು ಖಾಲಿ ಪೆಟ್ಟಿಗೆ ನೋಡಿದೆ. "ಅತ್ತೆ, ಅವಳು ಬಿಟ್ಟು ಹೋದಳು. ಇವತ್ತೇ ಹೋದಳು ನೋಡಿ" ಎಂದೆ.

ಅತ್ತೆ ವಿಷಯವನ್ನೆಲ್ಲ ಕೇಳಿಕೊಂಡರು. ಎದೆಯ ಗಡಿಯಾರ ನೋಡಿದರು.

"ಬಿಟ್ಟ್ ಹೋಪ್ದ್ ಎಲ್ಲಿಗೆ? ಡ್ಯೂಟಿಗ್ ಹೋಯಿದ್ಲ್. ನೀನ್ ಮೂಗ್ ಒರ್ಸ್ಕೋ, ನಡಿ."

ಕಾವಲುಗಾರನೇ ಹೊರಗೆ ಬಂದು ಕೈಯಡ್ಡ ಹಾಕಿ ಟ್ಯಾಕ್ಸಿ ನಿಲ್ಲಿಸಿಕೊಟ್ಟ. ದಾರಿಯುದ್ದಕ್ಕೂ ನಾನು ನೆನಪಿಗೆ ಬಂದ ದೇವರ ಹೆಸರನ್ನೆಲ್ಲ ಹೇಳಿದೆ. ಅತ್ತೆ ಕೈ ಬೆರಳುಗಳನ್ನು ಒಂದರೊಳಗೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಚಳಿ ಎಂದುಕೊಂಡೆ.

ಮಗಳನ್ನು ನೋಡಿ, ಅವಳ ಹಣೆ ಸವರಿ, ನಾನೂ ಅತ್ತೆಯೂ ಮಗುವಿದ್ದ ಕೋಣೆಗೆ ಹೋದೆವು. ಬಾಗಿಲಲ್ಲಿ ಸಿಂಕು. ಅತ್ತೆ ಬೆರಳು, ಮಣಿಕಟ್ಟು, ಮೊಣಕೈವರೆಗೆ ಸೋಪು ಹಾಕಿ ಉಜ್ಜಿದರು. ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಬಾಗಿಲನ್ನು ಮೊಣಕೈಯಿಂದ ತಳ್ಳಿದರು. ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲನ್ನು ತಳ್ಳುವ ಹಾಗೆಯೇ.

ಒಳಗೆ ಗಾಜಿನ ಪೆಟ್ಟಿಗೆಗಳ ಸಾಲು. ಕೊನೆಯದರಲ್ಲಿ ನಮ್ಮದು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಮೂಗಿಗೊಂದು ನಳಿಗೆ, ಎದೆಯ ಮೇಲೆ ಅಂಟಿಸಿದ ತಂತಿಗಳು. ಪೆಟ್ಟಿಗೆಯ ಚೀಟಿಯಲ್ಲಿ ಬೇಬಿ ಎಂದು ಬರೆದು ಮುಂದೆ ಅಳಿಯನ ಮನೆತನದ ಹೆಸರು. ನಾನು ತಡೆಯಲಾರದೆ ಕೈ ಚಾಚಿದೆ. ನನ್ನ ಬಳೆಗಳು ಗಾಜಿಗೆ ತಾಗಿ ಕಿಣಿಕ್ಕೆಂದವು. ಮಗುವಿನ ಮೈಯೆಲ್ಲ ಬೆಚ್ಚಿ ಅದುರಿತು.

ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬಡೂಕಾಗ ಹೆಣೆ," ಎಂದರು ಪಿಸುಮಾತಿನಲ್ಲಿ. "ಒಳ್ಗಿದ್ದವ್ರಿಗೆ ಗುಡ್ಗ್ ಬಂದ್ಹಾಂಗ್ ಕೇಳ್ತ್."

ಆಗ ನನಗೆ ಹೊಳೆಯಿತು, ಅವರ ವಾರ್ಡಿನಲ್ಲಿದ್ದ ಸಣ್ಣವರು ಎಷ್ಟು ಸಣ್ಣವರು ಎಂದು.

ಅಲ್ಲಿದ್ದ ನರ್ಸು ಅತ್ತೆಯ ಎತ್ತಿದ ಕೈಗಳನ್ನೂ ಎದೆಯ ಗಡಿಯಾರವನ್ನೂ ನೋಡಿ, "ನೀವೂ ಇದೇ ಕೆಲಸದಲ್ಲಿ ಇದ್ದಿರಾ?" ಎಂದು ಕೇಳಿದಳು. ಅತ್ತೆ ತಲೆಯಾಡಿಸಿದರು. ಅವಳು ಪೆಟ್ಟಿಗೆಯ ದುಂಡನೆಯ ಕಿಟಕಿ ತೆರೆದುಕೊಟ್ಟಳು. ಅತ್ತೆ ಕೈ ಒಳಗೆ ಹಾಕಿ, ಅಂಗೈಯನ್ನು ಅಗಲವಾಗಿ ಬಿಡಿಸಿ, ಆ ಕಿತ್ತಳೆಹಣ್ಣಿನಷ್ಟು ತಲೆಯ ಮೇಲೆ ಸದ್ದಿಲ್ಲದೆ ಇಟ್ಟರು. ಸವರಲಿಲ್ಲ, ತಟ್ಟಲಿಲ್ಲ. ಇಟ್ಟರು, ಅಷ್ಟೇ. ಮಗುವಿನ ಅದುರಾಟ ನಿಂತಿತು.

"ನೀಲಮ್ಮ, ಹ್ಯಾಂಗಿದ್ದೆ ಮಗಾ?"

ಚೀಟಿಯ ಕಡೆ ನಾನು ನೋಡಿದ್ದು ಅವರಿಗೆ ಕಂಡಿತೇನೋ. ತಿರುಗದೆಯೇ ಹೇಳಿದರು. "ಅದ್ ಚಾರ್ಟಿಗಾಯ್ತ್. ಹೆಸ್ರ್ ಹಿಡ್ದ್ ಕರೀತಾ ಇದ್ರೆ ಬಿಟ್ಟ್ ಹೋಪುಕೆ ಅವ್ಕ್ ಮನ್ಸ್ ಬತ್ತಿಲ್ಲ. ನಾನ್ ಎಲ್ಲರಿಗೂ ಒಂದೊಂದ್ ಇಡ್ತಿದ್ದೆ." ಇಟ್ಟ ಕೈ ಕದಲಿಸದೆ, "ಆದ್ರೂ ಕೆಲವ್ ಹೋದೊ" ಎಂದರು. ಮತ್ತೆ ಮಗುವಿನ ಕಡೆ ಬಗ್ಗಿ, "ನಾಳೆ ಬತ್ತೆ ಆಯ್ತಾ" ಎಂದರು.

ದೇವರಿಗೆ ಹೇಳುವ ಅದೇ ದನಿ. ಹಾಗಾದರೆ ಅದು ಮೊದಲು ಯಾರಿಗೆ ಹೇಳುತ್ತಿದ್ದ ದನಿ? ಇಷ್ಟು ದಿನ ನಾನು ಅದನ್ನು ತಿರುಗಿಸಿ ನೋಡಿರಲೇ ಇಲ್ಲ.

ಈಗ ಆ ಕೂಸು ನಮ್ಮ ಮನೆಯ ಟಿವಿ ರಿಮೋಟನ್ನು ಬಾಯಿಗಿಟ್ಟುಕೊಳ್ಳುತ್ತದೆ, ಬಾಲಕೃಷ್ಣನ ಬೆಣ್ಣೆಗೆ ಕೈ ಹಾಕಿ ಅತ್ತೆಯಿಂದ ಬೈಸಿಕೊಳ್ಳುತ್ತದೆ. ಅದಕ್ಕೆ ಸೊಗಸಾದ ಹೆಸರೊಂದು ಇದೆ, ಚಾರ್ಟಿಗೆ. ಮ್ಯೂಸಿಯಮ್ಮಿನ ನೀಲಮ್ಮ ರಿಪೇರಿ ಮುಗಿದು ತನ್ನ ಜಾಗಕ್ಕೆ ಮರಳಿದ್ದಾಳೆ. ಎಣಿಸುತ್ತ ಕೂತರೆ ಸಣ್ಣಪುಟ್ಟ ಪುಣ್ಯಗಳು ಮುಗಿಯುವುದೇ ಇಲ್ಲ. ಆದರೆ ನಾನು ಕಣ್ಣು ಮುಚ್ಚಿದರೆ ಕಾಣುವುದು ಆಸ್ಪತ್ರೆಯ ಆ ಮೊದಲ ದಿನವೇ.

ಪೆಟ್ಟಿಗೆಯ ಮೇಲೆ ಹೊದಿಸುವ ಮುಸುಕನ್ನು ಬದಲಿಸಲೆಂದು ತೆಗೆದು, ನರ್ಸು ಬೇರೆಯದನ್ನು ತರಲು ಹೋಗಿದ್ದಳು. ವಾರವೆಲ್ಲ ಮುಖ ತೋರಿಸದ ಲಂಡನ್ನಿನ ಸೂರ್ಯ ಆ ಗಳಿಗೆಯನ್ನೇ ಹುಡುಕಿಕೊಂಡು ಬಂದ. ಕಿಟಕಿಯಿಂದ ಬಿಸಿಲಿನ ಪಟ್ಟಿಯೊಂದು ನೇರ ಮಗುವಿನ ಮುಖಕ್ಕೆ ಬಿದ್ದು, ಅದು ಅಳಲೂ ಶಕ್ತಿಯಿಲ್ಲದೆ ಮುಖ ಕಿವಿಚಿತು. ಅತ್ತೆ ಕೈ ಹೊರಗೆ ತೆಗೆದು, ಹೆಗಲ ಮೇಲಿನ ಶಾಲಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ತೋಳುಗಳನ್ನು ಆದಷ್ಟೂ ಅಗಲ ಚಾಚಿ ಆ ಪೆಟ್ಟಿಗೆಗೂ ಬಿಸಿಲಿಗೂ ನಡುವೆ ನಿಂತರು. ಮಗುವಿನ ಮುಖ ಸಡಿಲಾಯಿತು. ನರ್ಸು ಬರುವುದು ತಡವಾಯಿತು. ಅತ್ತೆಯ ಕೆಟ್ಟ ಮಂಡಿ ನಡುಗುತ್ತಿತ್ತು, ತೋಳುಗಳೂ ನಡುಗುತ್ತಿದ್ದವು. ಇಳಿಯಲಿಲ್ಲ.

ನಾನು ಗೋಡೆಯ ಬದಿಯಲ್ಲಿದ್ದ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ತಂದು ಅವರ ಹಿಂದೆ ಇಟ್ಟೆ. "ಅತ್ತೆ, ಒಂದು ಗಳಿಗೆ ಕೂತ್ಕೊಳ್ಳಿ" ಎಂದೆ.

ಅವರಿಗೆ ಪುರುಸೊತ್ತಿರಲಿಲ್ಲ.